ಚಿಂದಿಯಿಂದ ಬಟ್ಟೆ: ‘ಶಾಡಿ’ ಎಂಬ ಸರಕಿನ ಮತ್ತು ಶಬ್ದದ ಚರಿತ್ರೆ

ಇಂಗ್ಲಿಷ್ ಭಾಷೆಯನ್ನು ಬಲ್ಲವರು ‘ಶಾಡಿ’ ಎಂಬ ಶಬ್ದವನ್ನು ಬಹುಮಟ್ಟಿಗೆ ಗುಣವಾಚಕವಾಗಿ ಮಾತ್ರ ಅರಿತಿರುವರು. ಅಚ್ಚುಕಟ್ಟಿಲ್ಲದ ಕೆಲಸ, ಮೇಲೆ ಥಳಕು ಒಳಗೆ ಹುಳುಕು ಎನ್ನುವಂಥ ಸರಕು, ಬಲವಿಲ್ಲದ ವಾದ—ಇವೆಲ್ಲವೂ ಆ ಒಂದು ಮಾತಿನಿಂದ ನಿಂದಿತವಾಗುತ್ತವೆ. ನಮ್ಮ ಉಪಾಧ್ಯಾಯರು ಅದನ್ನು ‘ಕಳಪೆ’ ಎಂದು ಕನ್ನಡಿಸಿ ಮುಂದಕ್ಕೆ ಹೋಗುವರು. ಆದರೆ ಈ ಶಬ್ದವು ಹುಟ್ಟಿದಾಗ ನಾಮಪದವಾಗಿದ್ದಿತು. ಅದರಲ್ಲಿ ನಿಂದೆಯ ಲೇಶವೂ ಇರಲಿಲ್ಲ. ಹರಿದ ಉಣ್ಣೆಯ ಬಟ್ಟೆಗಳನ್ನು ಎಳೆಯೆಳೆಯಾಗಿ ಬಿಡಿಸಿ, ಮತ್ತೆ ನೂಲುವುದಕ್ಕೆ ಯೋಗ್ಯವಾಗುವಂತೆ ಮಾಡಿದ ಪದಾರ್ಥಕ್ಕೆ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಗಿರಣಿಗಳವರು ಇಟ್ಟ ಹೆಸರು ಅದು. ಒಂದು ಕಸುಬಿನ ಹೆಸರು ಬೈಗುಳಾದ ಬಗೆ ಹೇಗೆ ಎಂಬ ಪ್ರಶ್ನೆಯು ಶಬ್ದಶಾಸ್ತ್ರಕ್ಕೆ ಸೇರಿದಷ್ಟೇ ಅರ್ಥಶಾಸ್ತ್ರಕ್ಕೂ ಸೇರಿದುದು. ನಿಘಂಟುಗಳಲ್ಲಿ ಉಳಿದಿರುವ ತೀರ್ಪು ಆ ಪದಾರ್ಥದ ಗುಣದ ಮೇಲೆ ಆದುದಲ್ಲ, ಅದನ್ನು ಮರೆಮಾಚಿ ಮಾರಿದವರ ನಡತೆಯ ಮೇಲೆ ಆದುದು ಎಂಬುದು ಅದರ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ ತಿಳಿದುಬರುತ್ತದೆ.

ಹಳೆಯ ಬಟ್ಟೆಯನ್ನು ಬಿಸಾಡದೆ ಉಪಯೋಗಿಸುವುದು ಹೊಸ ಸಂಗತಿಯಲ್ಲ. ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಇದಕ್ಕೆ ಸೊಗಸಾದ ಒಂದು ನಿದರ್ಶನವಿದೆ. ಉದಯನರಾಜನ ಅಂತಃಪುರದ ಸ್ತ್ರೀಯರು ಆನಂದನಿಗೆ ಐನೂರು ಉತ್ತರೀಯಗಳನ್ನು ದಾನಮಾಡಿದರು. ಭಿಕ್ಷುವಿಗೆ ಇಷ್ಟು ಬಟ್ಟೆಯೇಕೆ, ಇವನೇನು ಅಂಗಡಿಯನ್ನಿಡುವನೇ ಎಂದು ರಾಜನಿಗೆ ಸಂಶಯವುಂಟಾಗಿ, ಅವನು ಆನಂದನನ್ನೇ ಪ್ರಶ್ನಿಸಿದನು. ಹೊಸದನ್ನು ಚೀವರ ಹರಿದ ಭಿಕ್ಷುಗಳಿಗೆ ಹಂಚುವೆವು ಎಂದು ಆನಂದನೆಂದನು. ಹಾಗಾದರೆ ಹರಿದುದು? ಅದು ಮೇಲುಹಾಸಾಗುವುದು, ಹಳೆಯ ಮೇಲುಹಾಸು ಹಾಸಿಗೆಯ ಗವುಸಾಗುವುದು, ಗವುಸು ನೆಲಹಾಸಾಗುವುದು, ನೆಲಹಾಸು ಕಾಲೊರಸಾಗುವುದು, ಕಾಲೊರಸು ಧೂಳು ಝಾಡಿಸುವ ಅರಿವೆಯಾಗುವುದು, ಅದೂ ಜೀರ್ಣವಾದರೆ ಚೂರುಚೂರು ಮಾಡಿ ಮಣ್ಣಿನೊಡನೆ ಕಲಸಿ ನೆಲಕ್ಕೆ ಸಾರಿಸುವೆವು ಎಂದು ಅವನು ಉತ್ತರಕೊಟ್ಟನು. ರಾಜನು ಸಂತುಷ್ಟನಾಗಿ ಇನ್ನೂ ಐನೂರು ವಸ್ತ್ರಗಳನ್ನು ಕೊಟ್ಟನಂತೆ.

ಈ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಬಟ್ಟೆಯು ಮೆಟ್ಟಿಲುಮೆಟ್ಟಿಲಾಗಿ ಕೆಳಕ್ಕೆ ಇಳಿಯುತ್ತದೆಯೇ ಹೊರತು ಮತ್ತೆ ಮೇಲಕ್ಕೆ ಏರುವುದಿಲ್ಲ. ಮೈಮೇಲಿದ್ದುದು ಕಾಲಕೆಳಗೆ ಬಂದು ಕೊನೆಗೆ ಮಣ್ಣಾಗುತ್ತದೆ. ನಮ್ಮ ಉತ್ತರ ಕರ್ನಾಟಕದ ಕೌದಿಯೂ, ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯೂ ಈ ಕ್ರಮಕ್ಕೇ ಸೇರಿದುವು. ಹಳೆಯ ಸೀರೆ ಧೋತ್ರಗಳ ತುಂಡುಗಳನ್ನು ಪದರಪದರವಾಗಿ ಇಟ್ಟು ಎಳೆ ಹೊಲಿಗೆ ಹಾಕಿದ ಆ ಹೊದಿಕೆಯಲ್ಲಿ ಬಟ್ಟೆಯು ಬಟ್ಟೆಯಾಗಿಯೇ ಉಳಿಯುತ್ತದೆ. ಇದು ಅಜ್ಜಿಯ ಸೀರೆಯ ಸೆರಗು, ಇದು ಮಗುವಿನ ಅಂಗಿ ಎಂದು ಬೆರಳಿಟ್ಟು ತೋರಿಸಬಹುದು. ಅಲ್ಲಿ ಮುಚ್ಚುಮರೆಗೆ ಎಡೆಯೇ ಇಲ್ಲ. ಶಾಡಿಯ ವಿಧಾನವಾದರೋ ಇದಕ್ಕೆ ತೀರ ಬೇರೆಯಾದುದು. ಅದು ಬಟ್ಟೆಯ ಬಟ್ಟೆತನವನ್ನೇ ಕಳೆದು, ಕುರಿಯ ಮೈಯಿಂದ ಬಂದಾಗಿನ ಅವಸ್ಥೆಗೆ ಹತ್ತಿರ ಒಯ್ದು, ಅಲ್ಲಿಂದ ಹೊಸದಾಗಿ ಆರಂಭಿಸುತ್ತದೆ. ಇಳಿದುದು ಮತ್ತೆ ಏರುತ್ತದೆ. ಆದರೆ ಹಾಗೆ ಏರಿದುದರಲ್ಲಿ ಹಿಂದಿನ ಜನ್ಮದ ಗುರುತು ಉಳಿದಿರುವುದಿಲ್ಲ. ಮುಂದಿನ ವಿವಾದಕ್ಕೆಲ್ಲ ಮೂಲವು ಇದೇ.

ಯೂರೋಪಿನಲ್ಲಿ ಚಿಂದಿಗೆ ಮೊದಲು ದೊಡ್ಡ ಪ್ರಮಾಣದಲ್ಲಿ ಬೆಲೆ ತಂದುದು ಕಾಗದದ ಕಸುಬು. ಮರದ ತಿರುಳಿನಿಂದ ಕಾಗದ ಮಾಡುವ ವಿದ್ಯೆಯು ೧೯ನೆಯ ಶತಮಾನದ ಮಧ್ಯಭಾಗದಲ್ಲಿ ಬಳಕೆಗೆ ಬರುವವರೆಗೂ ಅಲ್ಲಿಯ ಪುಸ್ತಕಗಳೆಲ್ಲ ಹಳೆಯ ಲಿನನ್ ಮತ್ತು ಹತ್ತಿಯ ಬಟ್ಟೆಗಳಿಂದಲೇ ಆದುವು. ನಮ್ಮ ದೇಶದಲ್ಲಿ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳನ್ನು ಕಂಡವರಿಗೆ ಬಟ್ಟೆಗೂ ಬರೆಹಕ್ಕೂ ಇರುವ ನಂಟು ಹೊಸದಲ್ಲ. ಆದರೆ ಕಡತದಲ್ಲಿ ಬಟ್ಟೆಯು ಕಣ್ಣಿಗೆ ಕಾಣುತ್ತದೆ, ಕಾಗದದಲ್ಲಿ ಕಾಣದು. ಇಂಗ್ಲೆಂಡಿನಲ್ಲಿ ಚಿಂದಿಯ ಅಭಾವವು ಎಷ್ಟಿದ್ದಿತೆಂಬುದಕ್ಕೆ ಅಲ್ಲಿಯ ಶವಸಂಸ್ಕಾರದ ಶಾಸನಗಳೇ ಸಾಕ್ಷಿ. ಹೆಣಕ್ಕೆ ಉಣ್ಣೆಯ ಬಟ್ಟೆಯನ್ನಲ್ಲದೆ ಬೇರೆಯದನ್ನು ಹೊದಿಸಕೂಡದೆಂದು ೧೬೬೬ರಲ್ಲಿ ಒಂದು ಶಾಸನವಾಯಿತು. ಅದು ಸಾಲದೆ ೧೬೭೮ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಶಾಸನವಾಯಿತು. ಈ ಎರಡನೆಯದರ ಶಿರೋನಾಮದಲ್ಲಿಯೇ ಉಣ್ಣೆಯ ಕೈಗಾರಿಕೆಯೊಡನೆ ಕಾಗದದ ಕೈಗಾರಿಕೆಗೂ ಪ್ರೋತ್ಸಾಹ ಕೊಡುವ ಉದ್ದೇಶವು ಹೇಳಲ್ಪಟ್ಟಿದೆ. ಲಿನನ್ ಬಟ್ಟೆಯು ಗೋರಿಯ ಪಾಲಾಗದೆ ಕಾಗದದ ತೊಟ್ಟಿಯ ಪಾಲಾಗಲಿ ಎಂಬುದೂ ಇದರ ಒಂದು ಅಭಿಪ್ರಾಯ. ಈ ಶಾಸನಗಳು ೧೮೧೪ರಲ್ಲಿ ರದ್ದಾದುವು.

ಉಣ್ಣೆಯ ಚಿಂದಿಗೆ ಈ ಭಾಗ್ಯವಿರಲಿಲ್ಲ. ಕಾಗದವಾಗುವುದು ಸಸ್ಯದ ನಾರೇ ಹೊರತು ಪ್ರಾಣಿಯ ರೋಮವಲ್ಲ. ಆದಕಾರಣ ಚಿಂದಿಯ ಮೂಟೆಯಲ್ಲಿ ಲಿನನ್ ಹತ್ತಿಗಳನ್ನು ಆರಿಸಿಕೊಂಡಮೇಲೆ ಉಳಿದ ಉಣ್ಣೆಯು ಹೊಲಗಳಿಗೆ ಗೊಬ್ಬರವಾಗಿಯೋ, ಜೀನುಗಳ ಮತ್ತು ಹಾಸಿಗೆಗಳ ಒಳಗೆ ತುಂಬುವ ಹೀಚುಪದಾರ್ಥವಾಗಿಯೋ, ಇಲ್ಲವೆ ಪ್ರಷ್ಯನ್ ನೀಲಿ ಎಂಬ ಬಣ್ಣವನ್ನು ತಯಾರಿಸುವವರ ಕಡಾಯಿಯಲ್ಲಿಯೋ ಕೊನೆಗಾಣುತ್ತಿದ್ದಿತು.

ಯಾರ್ಕ್‌ಷೈರಿನ ಪಶ್ಚಿಮ ಭಾಗದಲ್ಲಿರುವ ಬ್ಯಾಟ್ಲಿಯ ಬೆಂಜಮಿನ್ ಲಾ (೧೭೭೩–೧೮೩೭) ಎಂಬ ಬಟ್ಟೆಯ ವ್ಯಾಪಾರಿಯು ೧೮೧೩ರಲ್ಲಿ ಈ ಸ್ಥಿತಿಯನ್ನು ಬದಲಾಯಿಸಿದನೆಂದು ಸಾಮಾನ್ಯವಾಗಿ ಹೇಳುವರು. ಜೀನುಗಾರರು ಉಣ್ಣೆಯ ಚಿಂದಿಯನ್ನು ಹಿಂಜಿ ಜೀನಿಗೆ ತುಂಬುವುದನ್ನು ಕಂಡು, ತುಂಬುವುದಕ್ಕೆ ಬರುವುದು ನೂಲುವುದಕ್ಕೇಕೆ ಬಾರದು ಎಂದು ಅವನಿಗೆ ಹೊಳೆಯಿತೆಂದು ಹೇಳಿಕೆಯುಂಟು. ನೆಪೋಲಿಯನ್ನನ ಯುದ್ಧಗಳ ಕಾಲವದು. ಸೈನ್ಯಗಳಿಗೆ ಬಟ್ಟೆ ಬೇಕು, ಹೊರದೇಶದ ಉಣ್ಣೆ ಸುಲಭವಾಗಿ ಬಾರದು. ಒಬ್ಬ ಪುರುಷನ ಹೊಳಹಿಗಿಂತಲೂ ಕಾಲದ ಒತ್ತಡವೇ ಇಲ್ಲಿ ದೊಡ್ಡ ಕಾರಣವೆಂದು ಎಣಿಸುವುದು ನ್ಯಾಯ. ಆದರೂ ಚಿಂದಿಯ ಎಳೆಗೆ ಹೊಸ ಉಣ್ಣೆಯನ್ನು ಬೆರಸಿ ನೂತರೆ ಬಟ್ಟೆಯಾಗುವುದೆಂಬುದನ್ನು ತೋರಿಸಿಕೊಟ್ಟ ಕೀರ್ತಿಯನ್ನು ಬ್ಯಾಟ್ಲಿಯ ಜನರು ಅವನಿಗೇ ಸಲ್ಲಿಸಿದ್ದಾರೆ.

ಈ ಕಸುಬಿನ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಅದರ ಗುಣವೂ ದೋಷವೂ ಕ್ರಮದಲ್ಲಿಯೇ ಅಡಗಿವೆ. ಮೊದಲನೆಯದು ಆಯುವ ಕೆಲಸ. ಇದನ್ನು ಹೆಚ್ಚಾಗಿ ಹೆಂಗಸರು ಮಾಡುತ್ತಿದ್ದರು. ರಾಶಿಯಲ್ಲಿರುವ ಒಂದೊಂದು ತುಂಡನ್ನೂ ಕೈಗೆ ತೆಗೆದುಕೊಂಡು, ಗುಂಡಿ, ಕೊಕ್ಕೆ, ಒಳಪದರಗಳನ್ನು ಕಿತ್ತು, ಹೊಲಿಗೆಗಳನ್ನು ಕತ್ತರಿಸಿ ತೆಗೆದು, ಬಣ್ಣಕ್ಕೆ ಬಣ್ಣ, ಜಾತಿಗೆ ಜಾತಿ ಸೇರುವಂತೆ ವಿಂಗಡಿಸಬೇಕು. ಹೊಲಿಗೆಯ ದಾರವು ಹತ್ತಿಯದು. ಉಣ್ಣೆಗೆ ಹಿಡಿಯುವ ಬಣ್ಣವು ಹತ್ತಿಗೆ ಹಿಡಿಯದು. ಒಂದು ಹೊಲಿಗೆ ಉಳಿದರೆ ಮುಗಿದ ಬಟ್ಟೆಯಲ್ಲಿ ಬಿಳಿಯ ಚುಕ್ಕೆಗಳಾಗಿ ಕಾಣಿಸಿಕೊಳ್ಳುವುದು. ಬಣ್ಣಗಳನ್ನು ಸರಿಯಾಗಿ ವಿಂಗಡಿಸಿದರೆ ಮತ್ತೆ ಬಣ್ಣ ಹಾಕುವ ಖರ್ಚೇ ಉಳಿಯುವುದು. ಇಂಥ ಉಣ್ಣೆ ಮೃದು, ಇಂಥದು ಬಿರುಸು, ಇದರಲ್ಲಿ ಹತ್ತಿ ಬೆರೆತಿದೆ ಎಂಬುದನ್ನು ಬೆರಳಿನ ಸ್ಪರ್ಶದಿಂದಲೇ ಹೇಳಬಲ್ಲ ಹೆಂಗಸರ ನೈಪುಣ್ಯದ ಮೇಲೆ ಇಡೀ ಕೈಗಾರಿಕೆಯು ನಿಂತಿದ್ದಿತು. ಕಸುಬಿನ ಚರಿತ್ರೆಗಳಲ್ಲಿ ಯಂತ್ರಕ್ಕೆ ದೊರೆತ ಪುಟಗಳು ಈ ಬೆರಳುಗಳಿಗೆ ದೊರೆತಿಲ್ಲ.

ಬಳಿಕ ಚಿಂದಿಗೆ ಎಣ್ಣೆಯನ್ನು ಚಿಮುಕಿಸಿ ಯಂತ್ರಕ್ಕೆ ಊಡುವರು. ಸಾವಿರಾರು ಕಬ್ಬಿಣದ ಹಲ್ಲುಗಳುಳ್ಳ ಒಂದು ಉರುಳೆಯು ಅತಿವೇಗವಾಗಿ ತಿರುಗುತ್ತ ಬಟ್ಟೆಯನ್ನು ಎಳೆಯೆಳೆಯಾಗಿ ಸೀಳುವುದು. ಈ ಯಂತ್ರಕ್ಕೆ ಕೆಲಸಗಾರರು ‘ದೆವ್ವ’ ಎಂದು ಹೆಸರಿಟ್ಟಿದ್ದರು. ಅದರಿಂದೇಳುವ ಧೂಳು ‘ದೆವ್ವದ ಧೂಳು’. ಸೀಳುವಾಗ ಎಳೆಗಳು ತುಂಡಾಗುವುದು ಅನಿವಾರ್ಯ. ಹೆಣೆದ ಕಾಲುಚೀಲ, ಫ್ಲಾನೆಲ್ ಮೊದಲಾದ ಸಡಿಲ ಬಟ್ಟೆಗಳಿಂದ ಬರುವ ಎಳೆ ಅಷ್ಟೊಂದು ಗಿಡ್ಡವಲ್ಲ, ಅದೇ ಶಾಡಿ. ಒತ್ತಾಗಿ ಕುಟ್ಟಿ ದಟ್ಟಗೊಳಿಸಿದ ಕೋಟಿನ ಬಟ್ಟೆ, ದರ್ಜಿಗಳ ಕತ್ತರಿಯ ಚೂರು ಇವುಗಳಿಂದ ಬರುವುದು ತೀರ ಗಿಡ್ಡ. ಅದಕ್ಕೆ ‘ಮಂಗೊ’ ಎಂದು ಹೆಸರು. ಹತ್ತಿ ಬೆರೆತ ಬಟ್ಟೆಯನ್ನು ಆಮ್ಲದಲ್ಲಿ ಹಾಯಿಸಿ, ಹತ್ತಿಯನ್ನು ಸುಟ್ಟು ಪುಡಿಮಾಡಿ, ಉಣ್ಣೆಯನ್ನು ಮಾತ್ರ ಉಳಿಸಿಕೊಳ್ಳುವ ವಿಧಾನವು ೧೯ನೆಯ ಶತಮಾನದ ಮಧ್ಯಭಾಗದಲ್ಲಿ ರೂಢಿಗೆ ಬಂದಿತು. ಗಿಡ್ಡ ಎಳೆಯು ತಾನಾಗಿ ನಿಲ್ಲದು. ಅದಕ್ಕೆ ಹೊಸ ಉಣ್ಣೆಯ ಆಸರೆ ಬೇಕು, ಇಲ್ಲವೆ ಹತ್ತಿಯ ಹಾಸಿಗೆ ಶಾಡಿಯ ಹೊಕ್ಕನ್ನು ಹೆಣೆಯಬೇಕು. ಕೊನೆಗೆ ಬಟ್ಟೆಯನ್ನು ನೆನೆಸಿ ಕುಟ್ಟಿ ಮೈಯನ್ನು ದಟ್ಟಗೊಳಿಸಿದರೆ ಎಳೆಗಳು ಒಂದಕ್ಕೊಂದು ತೊಡಕಿಕೊಂಡು ಬಟ್ಟೆಯು ಹೊಸದರಂತೆಯೇ ತೋರುವುದು. ಬೆರಕೆ ಹದವಾಗಿದ್ದರೆ ಅಂಥ ಕೋಟು, ಅಂಥ ಕಂಬಳಿ, ವರ್ಷಗಟ್ಟಲೆ ಬಾಳುವುದು. ಬೆರಕೆ ತಪ್ಪಿದರೆ ಗಿಡ್ಡ ಎಳೆಗಳು ಒಂದೊಂದಾಗಿ ಉದುರಿ, ಬಟ್ಟೆಯು ಕಣ್ಣೆದುರಿಗೇ ಜಾಲರಿಯಾಗುವುದು. ಈ ಎರಡರೊಳಗಣ ಅಂತರವು ಅಂಗಡಿಯಲ್ಲಿ ಕೊಳ್ಳುವವನ ಕಣ್ಣಿಗೆ ಕಾಣುವಂಥದಲ್ಲ.

‘ಮಂಗೊ’ ಎಂಬ ಹೆಸರಿಗೆ ಒಂದು ಕಥೆಯಿದೆ. ಗಟ್ಟಿ ಬಟ್ಟೆಯ ಚಿಂದಿಯು ಯಂತ್ರದಲ್ಲಿ ಹೋಗಲಾರದೆಂದು ಮೇಸ್ತ್ರಿಯು ಹೇಳಲು, ಯಜಮಾನನು ತನ್ನ ಸೀಮೆಯ ಆಡುಮಾತಿನಲ್ಲಿ ‘ಅದು ಹೋಗಲೇಬೇಕು’ ಎಂದನಂತೆ. ಆ ಮಾತಿನ ಕೊನೆಯ ಎರಡು ಪದಗಳು, ‘ಮನ್ ಗೊ’ ಎಂಬುವು, ಸರಕಿನ ಹೆಸರಾದುವಂತೆ. ಬೆಂದ ಕಾಳಿನಿಂದ ಬೆಂಗಳೂರಾಯಿತೆಂಬ ಕಥೆಯನ್ನು ಕೇಳಿ, ಬಳಿಕ ಕ್ರಿ. ಶ. ೮೯೦ರ ಸುಮಾರಿನ ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರನ್ನೇ ಕಂಡಿರುವ ಕನ್ನಡಿಗರು ಇಂಥ ವ್ಯುತ್ಪತ್ತಿಗಳಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಬಲ್ಲರು. ‘ಶಾಡಿ’ ಎಂಬುದರ ಮೂಲವೂ ನಿಶ್ಚಿತವಾದುದಲ್ಲ. ಉದುರು, ಕಳಚು ಎಂಬ ಅರ್ಥವುಳ್ಳ ಹಳೆಯ ಧಾತುವಿಗೆ ಅದನ್ನು ಜೋಡಿಸುವವರಿದ್ದಾರೆ.

ಕೈಗಾರಿಕೆಯು ಬೇಗನೆ ಬೆಳೆಯಿತು. ೧೮೬೦ರ ವೇಳೆಗೆ ಬ್ಯಾಟ್ಲಿ ಒಂದರಲ್ಲಿಯೇ ವರ್ಷಕ್ಕೆ ೭,೦೦೦ ಟನ್ನುಗಳಿಗೂ ಮೀರಿ ಶಾಡಿ ತಯಾರಾಗುತ್ತಿದ್ದಿತು. ಡ್ಯೂಸ್‌ಬರಿ, ಆಸೆಟ್, ಮಾರ್ಲಿ ಮೊದಲಾದ ನೆರೆಯ ಊರುಗಳೂ ಇದರಿಂದಲೇ ಬೆಳೆದುವು. ಯೂರೋಪಿನ ನಾನಾ ದೇಶಗಳ ಹಳೆಯ ಬಟ್ಟೆಗಳು ಮೂಟೆಗಳಲ್ಲಿ ಬಂದು ಇಲ್ಲಿ ಹರಾಜಾಗುತ್ತಿದ್ದುವು. ಅದೇ ೧೮೬೦ರಲ್ಲಿ ಬ್ಯಾಟ್ಲಿಯ ಗಿರಣಿಯ ಒಡೆಯನಾದ ಸ್ಯಾಮ್ಯುಯಲ್ ಜಬ್ ಎಂಬವನು ಈ ವ್ಯಾಪಾರದ ಚರಿತ್ರೆಯನ್ನು ಬರೆದು ಪ್ರಕಟಿಸಿದನು. ಕಸುಬಿನವನೇ ಬರೆದ ಗ್ರಂಥವಾದುದರಿಂದ ಅದರಲ್ಲಿ ಸಮರ್ಥನೆಯ ದನಿ ಸಹಜ. ಆದರೆ ಒಳಗಿನವನಿಗಲ್ಲದೆ ತಿಳಿಯದ ವಿವರಗಳೂ ಅದರಲ್ಲಿಯೇ ಇವೆ. ಇಲ್ಲಿ ಕಸಕ್ಕೂ ಕಸವಿರಲಿಲ್ಲ: ಸೀಳಲಾಗದ ಹೊಲಿಗೆಯಂಚುಗಳೂ ಎಣ್ಣೆ ಹಿಡಿದ ಧೂಳೂ ಕೆಂಟ್ ಸೀಮೆಯ ಹಾಪ್ ತೋಟಗಳಿಗೂ ಯಾರ್ಕ್‌ಷೈರಿನ ರೂಬಾರ್ಬ್ ಹೊಲಗಳಿಗೂ ಗೊಬ್ಬರವಾಗಿ ಹೋಗುತ್ತಿದ್ದುವು. ಕಾರ್ಲ್ ಮಾರ್ಕ್ಸನು ತನ್ನ ‘ಬಂಡವಾಳ’ ಗ್ರಂಥದ ಮೂರನೆಯ ಸಂಪುಟದಲ್ಲಿ, ೧೮೬೨ರ ಕೊನೆಯ ವೇಳೆಗೆ ಇಂಗ್ಲೆಂಡಿನ ಕೈಗಾರಿಕೆಯು ಬಳಸುತ್ತಿದ್ದ ಒಟ್ಟು ಉಣ್ಣೆಯಲ್ಲಿ ಮೂರರಲ್ಲೊಂದು ಪಾಲು ಶಾಡಿಯೇ ಆಗಿದ್ದಿತೆಂದು ಗಣನೆಮಾಡಿದ್ದಾನೆ.

ಅದೇ ಗ್ರಂಥದ ಮೊದಲನೆಯ ಸಂಪುಟವು ಈ ಏಳಿಗೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಚಿಂದಿ ಆಯುವ ಕೆಲಸವನ್ನು ಅದು ಅತ್ಯಂತ ಹೊಲಸಾದ, ಅತ್ಯಂತ ಕಡಿಮೆ ಕೂಲಿಯ ಕೆಲಸಗಳಲ್ಲಿ ಎಣಿಸುತ್ತದೆ. ಎಲ್ಲಿಯ ರೋಗಿಯ ಬಟ್ಟೆಯೋ ಯಾರಿಗೂ ತಿಳಿಯದು. ಮೂಟೆಯೊಡನೆ ಸಿಡುಬೂ ಬರುವುದು, ಅದಕ್ಕೆ ಮೊದಲು ತುತ್ತಾಗುವವಳು ಮೂಟೆ ಬಿಚ್ಚಿದವಳೇ. ಯಂತ್ರದ ಬಳಿಯಲ್ಲಿದ್ದವರಿಗೆ ಧೂಳಿನಿಂದ ಬರುತ್ತಿದ್ದ ತಲೆಶೂಲೆ, ಕೆಮ್ಮು, ಚಳಿಗಳಿಗೆ ‘ಶಾಡಿ ಜ್ವರ’ವೆಂಬ ಹೆಸರೇ ಬಿದ್ದಿತು. ಅಗ್ಗದ ಕೋಟನ್ನು ತೊಟ್ಟ ಬಡವನಿಗೆ ಆದ ಲಾಭವನ್ನು ಎಣಿಸುವವರು ಈ ಲೆಕ್ಕವನ್ನೂ ಅದರ ಪಕ್ಕದಲ್ಲಿಡಬೇಕು.

ಶಬ್ದದ ಅಪಕೀರ್ತಿಯಾದರೋ ಕೆಲಸಗಾರರ ಕಷ್ಟದಿಂದ ಬಂದುದಲ್ಲ. ೧೮೪೨ರಲ್ಲಿ ಫೆರಾಂಡ್ ಎಂಬ ಪ್ರತಿನಿಧಿಯು ಪಾರ್ಲಿಮೆಂಟಿನಲ್ಲಿ ‘ದೆವ್ವದ ಧೂಳಿ’ನ ಬಟ್ಟೆಯೊಂದನ್ನು ಎತ್ತಿಹಿಡಿದು ಎಲ್ಲರೆದುರಿಗೆ ಹರಿದು ತೋರಿಸಿದನೆಂದು ಪ್ರಸಿದ್ಧಿ. ಅವನು ಧಾನ್ಯದ ಸುಂಕವನ್ನು ಉಳಿಸಬೇಕೆನ್ನುತ್ತಿದ್ದ ಭೂಮಾಲೀಕರ ಪಕ್ಷದವನು. ಸುಂಕವನ್ನು ತೆಗೆಯಬೇಕೆನ್ನುತ್ತಿದ್ದ ಗಿರಣಿಯ ಒಡೆಯರ ಮೇಲೆ ಅವನಿಗೆ ಹಳೆಯ ಹಗೆ. ಆದುದರಿಂದ ಅವನ ಸಾಕ್ಷ್ಯವನ್ನು ನಿಷ್ಪಕ್ಷಪಾತವೆಂದು ಸ್ವೀಕರಿಸಲಾಗದು. ಆದರೂ ಮಾತು ನಾಟಿತು. ಮೂರು ವರ್ಷಗಳ ಮೇಲೆ, ೧೮೪೫ರಲ್ಲಿ, ಡಿಸ್ರೇಲಿಯು ತನ್ನ ‘ಸಿಬಿಲ್’ ಕಾದಂಬರಿಯಲ್ಲಿ ತಂದೆತಾಯಿಯಿಲ್ಲದೆ ಬೀದಿಯಲ್ಲಿ ಬೆಳೆದ ಹುಡುಗನೊಬ್ಬನನ್ನು ಚಿತ್ರಿಸಿದನು. ಗಿರಣಿಗಳ ಕಸವಾದ ಹತ್ತಿಯಿಂದ ಹೊದಿಕೆಗಳನ್ನು ಮಾಡುವ ಕಾರ್ಖಾನೆಯಲ್ಲಿ ಅವನಿಗೆ ಮೊದಲು ಕೆಲಸ ಸಿಕ್ಕಿತು. ಹೆಸರಿಲ್ಲದ ಅವನಿಗೆ ಜೊತೆಯವರು ‘ಡೆವಿಲ್ಸ್‌ಡಸ್ಟ್’ ಎಂದೇ ಹೆಸರಿಟ್ಟರು. ಸಮಾಜವು ಬಿಸಾಡಿದ ಮನುಷ್ಯನಿಗೂ ಬಿಸಾಡಿದ ಬಟ್ಟೆಗೂ ಹೀಗೆ ಒಂದೇ ಹೆಸರಾಯಿತು. ‘ಸಿಬಿಲ್’ ಅನ್ನು ಪಾಠಹೇಳುವವರು ಈ ಹೆಸರನ್ನು ಬರಿಯ ವಿನೋದವೆಂದು ದಾಟಿಹೋಗುವುದುಂಟು. ಅದರ ಹಿಂದೆ ಇಷ್ಟು ಅರ್ಥವಿದೆ.

ಕಡೆಯ ಪೆಟ್ಟು ಬಿದ್ದುದು ಅಮೆರಿಕದಲ್ಲಿ. ೧೮೬೧ರಲ್ಲಿ ಅಲ್ಲಿ ಅಂತರ್ಯುದ್ಧವು ಆರಂಭವಾಗಲು, ಸಾವಿರಗಟ್ಟಲೆ ಸೈನಿಕರಿಗೆ ಕೆಲವೇ ವಾರಗಳಲ್ಲಿ ಸಮವಸ್ತ್ರ ಬೇಕಾಯಿತು. ಗುತ್ತಿಗೆದಾರರು ಹೊಸ ಉಣ್ಣೆಯ ಬೆಲೆಯನ್ನು ಪಡೆದು ಹದಗೆಟ್ಟ ಶಾಡಿಯ ಬಟ್ಟೆಯನ್ನು ಒದಗಿಸಿದರು. ಗಿಡ್ಡ ಎಳೆಯ ಆ ಬಟ್ಟೆಯು ಮಳೆಗೂ ನಡಿಗೆಗೂ ತಡೆಯದೆ ಸೈನಿಕರ ಮೈಮೇಲೆಯೇ ಬಿಚ್ಚಿಹೋಯಿತು. ಆ ಗುತ್ತಿಗೆಗಳಿಂದ ದಿಢೀರನೆ ಧನಿಕರಾದವರನ್ನು ಜನರು ‘ಶಾಡಿ ಶ್ರೀಮಂತರು’ ಎಂದು ಕರೆದರು. ಹೆನ್ರಿ ಮಾರ್ಫರ್ಡ್ ಎಂಬವನು ೧೮೬೩ರಲ್ಲಿ ‘ಶಾಡಿಯ ದಿನಗಳು’ ಎಂಬರ್ಥದ ಹೆಸರಿನಲ್ಲಿ ಒಂದು ಕಾದಂಬರಿಯನ್ನೇ ಪ್ರಕಟಿಸಿದನು. ಶಬ್ದವು ಬಟ್ಟೆಯಿಂದ ಮನುಷ್ಯನ ಮೇಲೆ, ಅಲ್ಲಿಂದ ಎಲ್ಲ ಬಗೆಯ ಹುಸಿಗಳ ಮೇಲೆ ಹಬ್ಬಿತು. ಇಲ್ಲಿ ಒಂದು ಸೂಕ್ಷ್ಮವುಂಟು. ಸೈನಿಕನು ಬೈದುದು ಹಳೆಯ ಉಣ್ಣೆಯನ್ನಲ್ಲ. ಹೊಸದೆಂದು ಕೊಟ್ಟುದು ಹಳೆಯದಾಗಿದ್ದುದನ್ನು. ಅದೇ ದಶಕದಲ್ಲಿ ಬ್ಯಾಟ್ಲಿಯ ಕೋಟುಬಟ್ಟೆಯನ್ನು ತಿಳಿದು ಕೊಂಡವರು ದೂರದೆ ತೊಟ್ಟರು. ಆದರೆ ತೃಪ್ತನಾದವನು ನಿಘಂಟಿಗೆ ಶಬ್ದವನ್ನು ಕೊಡುವುದಿಲ್ಲ, ಮೋಸಹೋದವನೇ ಕೊಡುವನು.

ಮುಂದಿನ ಶಾಸನಗಳು ಈ ಭೇದವನ್ನು ಕ್ರಮವಾಗಿ ಗುರುತಿಸಿದುವು. ಹಾಸಿಗೆಗೆ ತುಂಬುವ ಚಿಂದಿಯು ಇಷ್ಟು ಶುಚಿಯಾಗಿರಬೇಕೆಂದು ಇಂಗ್ಲೆಂಡಿನಲ್ಲಿ ೧೯೧೧ರಲ್ಲಿ ಶಾಸನವಾಯಿತು. ಅಮೆರಿಕದ ೧೯೩೯ರ ಉಣ್ಣೆಯ ಸರಕುಗಳ ಶಾಸನವು ಇನ್ನೂ ಮುಂದೆ ಹೋಗಿ, ಬಟ್ಟೆಯ ಮೇಲಿನ ಚೀಟಿಯಲ್ಲಿ ಹೊಸ ಉಣ್ಣೆಯೆಷ್ಟು, ಯಾರೂ ತೊಡದ ಬಟ್ಟೆಯಿಂದ ಬಿಡಿಸಿದುದೆಷ್ಟು, ತೊಟ್ಟ ಬಟ್ಟೆಯಿಂದ ಬಿಡಿಸಿದುದೆಷ್ಟು ಎಂಬುದನ್ನು ಬೇರೆಬೇರೆಯಾಗಿ ಬರೆಯಬೇಕೆಂದು ವಿಧಿಸಿತು. ಶಾಡಿಯನ್ನು ಅದು ನಿಷೇಧಿಸಲಿಲ್ಲ, ಹೇಳಿ ಮಾರೆಂದಿತು. ೧೯೮೦ರಲ್ಲಿ ಈ ಶಾಸನವನ್ನು ತಿದ್ದಿ, ಹಿಂದಿನ ಎರಡು ಹೆಸರುಗಳನ್ನೂ ತೆಗೆದು, ‘ರೀಸೈಕಲ್ಡ್ ಉಣ್ಣೆ’ ಎಂಬ ಒಂದೇ ಹೆಸರನ್ನು ಇಟ್ಟರು. ಪದಾರ್ಥವು ಬೆಂಜಮಿನ್ ಲಾ ಮಾಡಿದುದೇ. ಆದರೆ ಇಂದು ಬೆಲೆಯುಳ್ಳ ಕೋಟುಗಳ ಚೀಟಿಯಲ್ಲಿ ಆ ಹೊಸ ಹೆಸರು ಹೆಮ್ಮೆಯಿಂದ ಅಚ್ಚಾಗುತ್ತದೆ. ಹಳೆಯ ಹೆಸರನ್ನು ಅಚ್ಚುಮಾಡುವ ಧೈರ್ಯ ಯಾವ ವರ್ತಕನಿಗೂ ಇಲ್ಲ.

ಯಾರ್ಕ್‌ಷೈರಿನ ಕಸುಬು ಎರಡನೆಯ ಮಹಾಯುದ್ಧದ ಅನಂತರದ ದಶಕಗಳಲ್ಲಿ ಕ್ಷೀಣಿಸಿತು. ಕೃತಕ ನೂಲುಗಳು ಉಣ್ಣೆಯೊಡನೆ ಬೆರೆತಮೇಲೆ ಬೆರಳಿನಿಂದ ಆಯುವುದೂ ಆಮ್ಲದಿಂದ ಬೇರ್ಪಡಿಸುವುದೂ ಕಠಿನವಾದುವು. ರತ್ನಗಂಬಳಿಯ ಕಸದಲ್ಲಿ ಈ ತೊಡಕು ಇನ್ನೂ ಹೆಚ್ಚು: ಈಗಿನ ಯಂತ್ರದ ಕಂಬಳಿಯಲ್ಲಿ ಮೇಲಿನ ಜೂಲು ಒಂದು ಪದಾರ್ಥ, ಬೆನ್ನು ಇನ್ನೊಂದು, ಎರಡನ್ನೂ ಹಿಡಿದಿರುವ ಅಂಟು ಮತ್ತೊಂದು. ನೈಲಾನಿನ ಒಂದು ಬಗೆಯನ್ನು ರಾಸಾಯನಿಕವಾಗಿ ಮೂಲದ್ರವ್ಯಕ್ಕೆ ಒಯ್ದು ಹೊಸದಾಗಿ ಎಳೆ ತೆಗೆಯುವುದು ಸಾಧ್ಯವಾಗಿದೆ. ಆದರೆ ಅದಕ್ಕೂ ಮೊದಲು ಆಯುವ ಕೆಲಸವೇ ಆಗಬೇಕು. ಇಟಲಿಯ ಪ್ರಾಟೊ ನಗರವು ಮಾತ್ರ ಈ ವಿದ್ಯೆಯನ್ನು ಬಿಡದೆ ಉಳಿಸಿಕೊಂಡಿದೆ. ಆ ಊರಿನವನೇ ಆದ ಕುರ್ಜಿಯೊ ಮಲಾಪಾರ್ಟೆ ಎಂಬ ಲೇಖಕನು ೧೯೫೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಲೋಕದ ಚರಿತ್ರೆಯೆಲ್ಲ ಕೊನೆಗೆ ಚಿಂದಿಯಾಗಿ ಪ್ರಾಟೊವಿಗೆ ಬಂದು ಸೇರುವುದೆಂಬ ಅಭಿಪ್ರಾಯವನ್ನು ಹೆಮ್ಮೆಯಿಂದ ಬೆಳೆಸಿದ್ದಾನೆ. ಅಲ್ಲಿ ಚಿಂದಿಯವನೆಂಬ ಹೆಸರು ಕಸುಬಿನ ಹೆಸರಾಗಿಯೇ ಉಳಿಯಿತು, ಬೈಗುಳಾಗಲಿಲ್ಲ.

ಭಾರತದಲ್ಲಿ ಈ ಕಸುಬಿನ ನೆಲೆ ಹರಿಯಾಣದ ಪಾಣಿಪತ್ತು. ೧೯೪೭ರ ದೇಶವಿಭಾಗದ ತರುವಾಯ ಪಶ್ಚಿಮ ಪಂಜಾಬಿನಿಂದ ಬಂದವರು ನೆಲೆಸಿ ಮಗ್ಗಗಳನ್ನು ನಡೆಸಿದ ಆ ಊರು, ೨೦ನೆಯ ಶತಮಾನದ ಕೊನೆಯ ದಶಕಗಳಲ್ಲಿ ಲೋಕದ ಹಳೆಯ ಉಣ್ಣೆಬಟ್ಟೆಗಳು ಬಂದು ಸೇರುವ ದೊಡ್ಡ ಕೇಂದ್ರವಾಯಿತು. ಶೀತದೇಶಗಳವರು ಬಿಟ್ಟ ಕೋಟು ಸ್ವೆಟರುಗಳು, ಮತ್ತೆ ತೊಡಲು ಬಾರದಂತೆ ಸೀಳಲ್ಪಟ್ಟು, ಕಾಂಡ್ಲಾ ಬಂದರಿನ ಮಾರ್ಗವಾಗಿ ಬರುತ್ತವೆ. ಇಲ್ಲಿಯೂ ಹೆಂಗಸರೇ ನೆಲದ ಮೇಲೆ ಕುಳಿತು ನೆಟ್ಟ ಕತ್ತಿಯ ಅಲಗಿಗೆ ಬಟ್ಟೆಯನ್ನು ಒತ್ತಿ ಗುಂಡಿ, ಜಿಪ್ಪು, ಪದರಗಳನ್ನು ಬಿಡಿಸುತ್ತಾರೆ. ಕೆಂಪಿಗೆ ಕೆಂಪು, ನೀಲಿಗೆ ನೀಲಿ ರಾಶಿಹಾಕುತ್ತಾರೆ. ಧೂಳೂ ಹಿಂದಿನದೇ. ನೂತ ನೂಲಿನಿಂದಾಗುವ ಅಗ್ಗದ ಕಂಬಳಿಗಳು ಭೂಕಂಪ, ನೆರೆ ಮೊದಲಾದ ಆಪತ್ತುಗಳಲ್ಲಿ ನಿರಾಶ್ರಿತರಾದವರಿಗೆ ಹಂಚಲ್ಪಡುತ್ತವೆ. ಈಚೆಗೆ ಪಾಲಿಯೆಸ್ಟರಿನ ಹಗುರವಾದ ಹೊದಿಕೆಗಳು ಬಂದು ಈ ಕಂಬಳಿಗಳ ಪೇಟೆಯನ್ನು ಬಹಳಮಟ್ಟಿಗೆ ಕಿತ್ತುಕೊಂಡಿವೆ. ಗಿರಣಿಗಳು ಉಣ್ಣೆಯಿಂದ ಹತ್ತಿಯ ಚಿಂದಿಯ ಕಡೆಗೆ ತಿರುಗುತ್ತಿವೆ.

ಆ ಊರಿನ ವ್ಯಾಪಾರದ ಭಾಷೆಯಲ್ಲಿ ಇಂದಿಗೂ ನೂಲು ‘ಶಾಡಿ ನೂಲು’, ಕಂಬಳಿ ‘ಶಾಡಿ ಕಂಬಳಿ’, ಗಿರಣಿ ‘ಶಾಡಿ ಗಿರಣಿ’. ಹಿಂದಿ ಪಂಜಾಬಿಗಳನ್ನಾಡುವ ವರ್ತಕನು ಈ ಮಾತನ್ನು ಹತ್ತಿ, ರೇಷ್ಮೆ ಎಂಬಷ್ಟೇ ಸಹಜವಾಗಿ ಪಟ್ಟಿಯಲ್ಲಿ ಬರೆಯುತ್ತಾನೆ. ಅವನಿಗೆ ಅದು ಒಂದು ನಾಮಪದ.